ಫಕೀರಪ್ಪನ ಡ್ರಮ್ಮಿಗೆ ನೀರು ಹಾಕಿದವರು ಯಾರು

ಪುಣೆಯ ಸದಾಶಿವ ಪೇಠೆಯಲ್ಲಿ, ಕೋಚಿಂಗ್ ಕ್ಲಾಸಿನ ಮಕ್ಕಳು ಅಡ್ಡಾದಿಡ್ಡಿ ನಿಲ್ಲಿಸಿದ ಸ್ಕೂಟರುಗಳನ್ನು ಹೇಗೋ ದಾಟಿ ಮೂರು ಮೆಟ್ಟಿಲು ಹತ್ತಿದರೆ ಫಕೀರಪ್ಪನ ಅಂಗಡಿ. ಎಡಗಡೆ ಗಾಜಿನ ಕಪಾಟಿನಲ್ಲಿ ಅತ್ತರು, ಊದುಬತ್ತಿ. ಬಲಗಡೆ ಬಟ್ಟೆ ಒಗೆಯುವ ಲಿಕ್ವಿಡ್ಡು, ನೆಲ ಒರೆಸುವ ಫಿನೈಲು. ನಡುವೆ ಒಂದು ಕುರ್ಚಿ, ಕುರ್ಚಿಯಲ್ಲಿ ಫಕೀರಪ್ಪ, ಫಕೀರಪ್ಪನ ಮುಖದಲ್ಲಿ ಅನುಮಾನ.

ಬಾದಾಮಿ ಕಡೆಯವನು. ಹತ್ತೊಂಬತ್ತನೆಯ ವಯಸ್ಸಿಗೆ ಸೋದರಮಾವನ ಈ ಅಂಗಡಿಗೆ ಬಂದು ಸೇರಿದ. ಮಾವ ಕಲಿಸಿದ ಮೊದಲ ವಿದ್ಯೆಯೆಂದರೆ ಲೇಬಲ್ಲನ್ನು ನಂಬದಿರುವುದು. ಬಿಳಿ ಕಾಗದದ ಮೇಲೆ ಒಂದು ಹನಿ ಅತ್ತರು ಬಿಟ್ಟು, ಮೊದಲು ಮೂಸಿ, ತಾಸು ಬಿಟ್ಟು ಮೂಸಿ, ಮರುದಿನ ಮತ್ತೆ ಮೂಸಿ, ಆಮೇಲೆ ಮಾಲು ತಂದವನ ಮುಖ ನೋಡಬೇಕು. ಫಕೀರಪ್ಪ ಈ ವಿದ್ಯೆಯನ್ನು ಅತ್ತರಿಗೆ ಮಾತ್ರ ಮೀಸಲಿಡಲಿಲ್ಲ. ಹಾಲಿನವನಿಗೂ ರಿಕ್ಷಾ ಮೀಟರಿಗೂ ಬಳಸಿದ. ಒಬ್ಬ ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಇನ್ನೊಬ್ಬ ಡಾಕ್ಟರಿಗೆ ತೋರಿಸಿ, ಇಬ್ಬರಲ್ಲಿ ಯಾರು ಸುಳ್ಳೆಂದು ತಿಳಿಯಲು ಮೂರನೆಯವನ ಬಳಿ ಹೋದ. ಅಷ್ಟರಲ್ಲಿ ಜ್ವರ ತಾನಾಗಿಯೇ ಬಿಟ್ಟಿತ್ತು.

"ವಾಸನಿ ಸುಳ್ಳು ಹೇಳ್ತದ. ನೊರಿ ಅದಕ್ಕಿಂತ ದೊಡ್ಡ ಸುಳ್ಳು ಹೇಳ್ತದ," ಎನ್ನುವುದು ಅವನ ಮಾತು. ವಾಸನೆಯನ್ನೂ ನೊರೆಯನ್ನೂ ಮಾರಿ ನಲವತ್ತು ವರ್ಷ ಹೊಟ್ಟೆ ಹೊರೆದವನು ಹೀಗೆ ಹೇಳಿದರೆ ಗಿರಾಕಿಗಳಿಗೆ ಅದೇ ಒಂದು ಭರವಸೆ. ಇವನೇ ಇಷ್ಟು ಅನುಮಾನದವನಾದ ಮೇಲೆ ಇವನ ಮಾಲು ಚೊಕ್ಕವಾಗಿಯೇ ಇರುತ್ತದೆ ಎಂದುಕೊಂಡು ಖಾಲಿ ಬಾಟಲಿ ಹಿಡಿದು ಬರುತ್ತಿದ್ದರು.

ಲೋಕದಲ್ಲಿ ಅವನು ಅನುಮಾನಿಸದ ಜೀವ ಒಂದೇ ಒಂದಿತ್ತು, ಇಂದೂ. ಜಮಖಂಡಿ ಕಡೆಯ ಹೆಂಗಸು. ಗಂಡ ಪುಣೆಯದೇ ಖಡಕಿಯಲ್ಲಿ ಮಿಲಿಟರಿಯವರ ಮೆಸ್ಸಿನಲ್ಲಿ ಅಡುಗೆ ಮಾಡುತ್ತಿದ್ದ, ತೀರಿಕೊಂಡ. ಮಗಳು ರೇಣುವನ್ನು ಸಾಕಬೇಕಿತ್ತು, ಅಂಗಡಿಯ ಹಿಂದಿನ ಕೋಣೆಯಲ್ಲಿ ಮಾಲು ಕಲಸುವ ಕೆಲಸಕ್ಕೆ ಬಂದಳು. ಹತ್ತೊಂಬತ್ತು ವರ್ಷವಾಯಿತು. ಊರಿಂದ ದೂರವಿದ್ದ ಅವಳಿಗೆ ಅಣ್ಣತಮ್ಮಂದಿರಿಲ್ಲ. ದೀಪಾವಳಿಯ ಭಾವುಬೀಜಿನ ದಿನ ಫಕೀರಪ್ಪನ ಮನೆಗೆ ಬಂದು ಅವನಿಗೇ ಆರತಿ ಎತ್ತುತ್ತಿದ್ದಳು. "ಅಣ್ಣಾರ" ಎಂದೇ ಕರೆಯುತ್ತಿದ್ದಳು. ಅಂಗಡಿಯ ಬೀಗದ ಕೈ ಇಬ್ಬರ ಹತ್ತಿರ ಮಾತ್ರ ಇತ್ತು, ಅವನ ಹತ್ತಿರ ಮತ್ತು ಅವಳ ಹತ್ತಿರ.

ಹೋದ ವರ್ಷದವರೆಗೆ ಅಂಗಡಿಯಲ್ಲಿ ಒಗೆಯುವ ಪುಡಿ ಮಾತ್ರ ಇತ್ತು. ಫ್ಲಾಟಿನವರೆಲ್ಲ ಮಶೀನು ತಂದುಕೊಂಡು ಲಿಕ್ವಿಡ್ಡು ಕೇಳತೊಡಗಿದರು. ಇಂದೂ ಖಡಕಿಯ ಮಹಿಳಾ ಬಚತ್ ಗಟದವರು, ಅಂದರೆ ಸ್ವಸಹಾಯ ಸಂಘದವರು, ನಡೆಸಿದ ಮೂರು ದಿನದ ತರಬೇತಿಗೆ ಹೋಗಿ ಕಲಿತು ಬಂದಳು. ನೊರೆ ಬರಿಸುವ ಪೇಸ್ಟನ್ನು ನೀರಿನಲ್ಲಿ ನಿಧಾನವಾಗಿ ಕರಗಿಸಬೇಕು, ಬಣ್ಣ ಹಾಕಬೇಕು, ಒಂದಿಷ್ಟು ನಿಂಬೆ ಸೆಂಟು, ಕಡೆಗೆ ಉಪ್ಪು. ಉಪ್ಪು ಯಾಕೆ ಎಂದು ಫಕೀರಪ್ಪ ಕೇಳಲಿಲ್ಲ. ತೂಕಕ್ಕೆ ಇರಬೇಕು ಎಂದುಕೊಂಡು, ಹಾಗೆ ಅಂದುಕೊಂಡದ್ದಕ್ಕೆ ನಾಚಿ ಸುಮ್ಮನಾದ. ಲಿಕ್ವಿಡ್ಡು ಜೇನಿನಂತೆ ದಪ್ಪಗೆ ಇಳಿಯುತ್ತಿತ್ತು, ಗಿರಾಕಿಗಳು ಮೆಚ್ಚಿದರು, ಅವನಿಗೆ ಅಷ್ಟೇ ಬೇಕಿತ್ತು.

ಈ ದೀಪಾವಳಿಯ ಪಾಡ್ಯದ ದಿನ ಬೆಳಿಗ್ಗೆ ಅಂಗಡಿ ಪೂಜೆ. ವ್ಯಾಪಾರಸ್ಥರಿಗೆ ಅಂದು ಹೊಸ ವರ್ಷ. ಮಾವನ ಕಾಲದಿಂದ ಬಂದ ಪದ್ಧತಿಯೊಂದಿತ್ತು. ಲಕ್ಷ್ಮಿಗೆ ಅತ್ತರು ಹಚ್ಚಿ, ತಕ್ಕಡಿಗೆ ಹಚ್ಚಿ, ಉಳಿದದ್ದನ್ನು ವರ್ಷದ ಮೊದಲ ಮಾಲಿಗೆ ಸುರಿಯುವುದು. ಮಾವ ಪುಡಿಯ ರಾಶಿಗೆ ಸುರಿಯುತ್ತಿದ್ದ, ಫಕೀರಪ್ಪನೂ ಸುರಿಯುತ್ತ ಬಂದ. ಪುಡಿ ಅದನ್ನು ಕುಡಿದು ಸುಮ್ಮನಿರುತ್ತಿತ್ತು.

ಈ ಸಲ ಕಪಾಟಿನಲ್ಲಿ ಅರ್ಧ ಲೀಟರಿನ ಗುಲಾಬಿ ಅತ್ತರಿನ ಬಾಟಲಿಯೊಂದು ಹಾಗೇ ಉಳಿದಿತ್ತು. ಅದನ್ನು ತಂದುಕೊಟ್ಟವನ ಮೇಲೆ ಫಕೀರಪ್ಪನಿಗೆ ಸಂಶಯ. ಅರ್ಧಕ್ಕರ್ಧ ಯಾವುದೋ ಅಗ್ಗದ ದ್ರವ ಬೆರೆಸಿದ್ದಾನೆ ಎಂದು ಕಾಗದದ ಪರೀಕ್ಷೆಯಲ್ಲಿ ಖಾತ್ರಿಯಾಗಿತ್ತು. ಇಂಥ ಮಾಲನ್ನು ಗಿರಾಕಿಗೆ ಮಾರಲು ಅವನ ಮನಸ್ಸು ಒಪ್ಪಲಿಲ್ಲ. ಆದ್ದರಿಂದ ದೇವರಿಗೆ ಕೊಟ್ಟ. ಲಕ್ಷ್ಮಿಗೆ ಎರಡು ಹನಿ ಹಚ್ಚಿ, ಉಳಿದ ಅಷ್ಟನ್ನೂ, "ಅವ್ವಾ ತಾಯಿ, ನಡಸಿಕೊಂಡ ಹೋಗು," ಎನ್ನುತ್ತ ಐವತ್ತು ಲೀಟರಿನ ಲಿಕ್ವಿಡ್ಡಿನ ಡ್ರಮ್ಮಿಗೆ ಬಗ್ಗಿಸಿದ. "ತಿರುವವ್ವಾ ಇಂದೂ," ಎಂದ. ಇಂದೂ ಒಂದು ಕ್ಷಣ ಕೋಲು ಹಿಡಿದು ನಿಂತಳು, ಆಮೇಲೆ ತಿರುವಿದಳು. ಮಂಗಳಾರತಿಯಾಯಿತು, ಅಂಗಡಿ ಮುಚ್ಚಿತು. ಮರುದಿನ ಭಾವುಬೀಜು, ರಜೆ. ಅವಳು ಬಂದು ಆರತಿ ಎತ್ತಿ ಕರದಂಟು ತಿನ್ನಿಸಿ ಹೋದಳು.

ಮೂರನೆಯ ದಿನ ಬಾಗಿಲು ತೆರೆದರೆ ಗುಲಾಬಿಯ ಘಮ ಬೀದಿಯವರೆಗೆ ಬಂತು. ಫಕೀರಪ್ಪ ಕೈಮುಗಿದ. ಮಧ್ಯಾಹ್ನದ ಹೊತ್ತಿಗೆ ಪಕ್ಕದ ಬಿಲ್ಡಿಂಗಿನ ನೀತಾ ಎಂಬ ಮರಾಠಿ ಹೆಂಗಸು, ಬೆಳಿಗ್ಗೆ ಒಯ್ದ ಬಾಟಲಿಯನ್ನು ವಾಪಸು ತಂದು ಅವನ ಮುಂದೆ ಅಲ್ಲಾಡಿಸಿದಳು. ಒಳಗಿನದು ಕುಲುಕಾಡಿತು, ಚಹದಷ್ಟು ತೆಳ್ಳಗೆ.

"ಕಾಕಾ, ಪಾಣಿ ಟಾಕಲಂತ ಕಾ ಯಾತ?" ಎಂದಳು. ಇದಕ್ಕೆ ನೀರು ಹಾಕಿದಿರಾ ಎಂಬ ಆ ಪ್ರಶ್ನೆಯನ್ನು ಫಕೀರಪ್ಪ ಜನ್ಮದಲ್ಲಿ ನೂರಾರು ಮಂದಿಗೆ ಕೇಳಿದ್ದ. ಅವನನ್ನು ಕೇಳಿದವರು ಯಾರೂ ಇರಲಿಲ್ಲ. ಮೈಯೆಲ್ಲ ಉರಿದುಹೋಯಿತು.

ಡ್ರಮ್ಮಿನಲ್ಲಿ ಕೋಲಿಟ್ಟು ಎತ್ತಿ ನೋಡಿದ. ನೀರು, ಬರೇ ನೀರು. ಯಾರು ಹಾಕಿದರು? ಬೀಗ ಒಡೆದಿಲ್ಲ. ಬೀಗದ ಕೈಗಳು ಎರಡೇ. ಒಂದು ತನ್ನ ಸೊಂಟದಲ್ಲಿದೆ. ಲೆಕ್ಕ ಮಾಡಲು ಬಹಳ ಹೊತ್ತು ಬೇಕಾಗಲಿಲ್ಲ. ಲಿಕ್ವಿಡ್ಡು ತೆಗೆದು ಹೊರಗೆ ಮಾರಿ, ಡ್ರಮ್ಮು ತುಂಬಿರುವಂತೆ ಕಾಣಲು ನೀರು ಸುರಿದಿದ್ದಾಳೆ. ಹತ್ತೊಂಬತ್ತು ವರ್ಷ ಅನುಮಾನಿಸದೆ ಇದ್ದದ್ದಕ್ಕೆ ಅವನಿಗೆ ತನ್ನ ಮೇಲೆಯೇ ಸಿಟ್ಟು ಬಂತು, ಯಾರೋ ಬಾಕಿ ಉಳಿಸಿಕೊಂಡ ಕೆಲಸದಂತೆ ಅನುಮಾನವೆಲ್ಲ ಒಟ್ಟಿಗೇ ಮೈಮೇಲೆ ಬಂತು.

ಮನೆಯಲ್ಲಿ ಹೆಂಡತಿ ಸಾವಂತ್ರವ್ವನಿಗೆ ಹೇಳಿದ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ. "ಆಕಿ ಹಂತಾಕಿ ಅಲ್ರಿ. ನೀವ ಎಲ್ಲೋ ತಪ್ಪಿರಬೇಕು ನೋಡ್ರಿ," ಎಂದಳು. ಹೆಂಗಸರು ಹೆಂಗಸರ ಪರ ಎಂದು ಫಕೀರಪ್ಪ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮರುದಿನದಿಂದ ಕಾವಲು. ಡ್ರಮ್ಮಿನ ಒಳಮೈಗೆ ಲಿಕ್ವಿಡ್ಡಿನ ಮಟ್ಟಕ್ಕೆ ಸರಿಯಾಗಿ ಮೊಳೆಯಿಂದ ಗೀರು ಹಾಕಿದ. ಅತ್ತರಿನ ಕಪಾಟಿನ ಗಾಜನ್ನು ಒರೆಸಿ, ಕುರ್ಚಿಯಲ್ಲಿ ಕೂತರೆ ಹಿಂದಿನ ಕೋಣೆ ಅದರಲ್ಲಿ ಕಾಣುವಂತೆ ಬಾಗಿಲು ವಾರೆ ಮಾಡಿದ. ಕಂಡದ್ದೆಲ್ಲ ಅನುಮಾನಕ್ಕೆ ಗೊಬ್ಬರವೇ. ಇಂದೂ ಮೊದಲಿನಂತೆ ಮಾತಾಡುತ್ತಿಲ್ಲ. ಸಂಜೆ ಹೋಗುವಾಗ ಚೀಲದಲ್ಲಿ ಒಂದು ಸಣ್ಣ ಕ್ಯಾನು, ಅದರಲ್ಲಿ ತೆಳ್ಳಗಿನ ಲಿಕ್ವಿಡ್ಡು, ಅವನಿಗೆ ಹೇಳದೆ. ಬೆಳಿಗ್ಗೆ ಬರುವಾಗ ಅದೇ ಚೀಲದಲ್ಲಿ ಎರಡು ಉಪ್ಪಿನ ಪಾಕೀಟು. ತೂಕಕ್ಕೆ, ಎಂದುಕೊಂಡ ಫಕೀರಪ್ಪ. ಎಲ್ಲ ಹೊಂದಿಕೊಂಡಿತು.

ಎರಡನೆಯ ದಿನ ಹನ್ನೊಂದರ ಸುಮಾರಿಗೆ ಗಾಜಿನಲ್ಲಿ ಕಂಡಿತು. ಇಂದೂ ಜಗ್ಗಿನ ತುಂಬ ನೀರು ತಂದು, ಸುತ್ತ ನೋಡಿ, ನಿಧಾನವಾಗಿ ಡ್ರಮ್ಮಿಗೆ ಸುರಿಯುತ್ತಿದ್ದಾಳೆ. ಫಕೀರಪ್ಪ ಎದ್ದು ಒಳಗೆ ನುಗ್ಗಿ ಅವಳ ಕೈಯಿಂದ ಜಗ್ಗು ಕಸಿದ. ಅರ್ಧ ನೆಲಕ್ಕೆ ಚೆಲ್ಲಿತು. ಅಂಗಡಿಯಲ್ಲಿ ನೀತಾ ಇದ್ದಳು, ಇನ್ನಿಬ್ಬರು ಹೆಂಗಸರಿದ್ದರು.

"ಏನದು ಇಂದೂಬಾಯಿ?"

"ಉಪ್ಪಿನ ನೀರ್ರಿ ಅಣ್ಣಾರ. ಗಟ್ಟಿ ಆಗ್ಲಿ ಅಂತ..."

"ನೀರು ಹಾಕಿ ಗಟ್ಟಿ ಮಾಡ್ತೀಯೇನ?" ಎಂದು ಫಕೀರಪ್ಪ ಹೊರಗಿದ್ದವರ ಕಡೆ ತಿರುಗಿ ಅದನ್ನೇ ಮರಾಠಿಯಲ್ಲಿ ಹೇಳಿದ. ಅವರು ನಕ್ಕರು. ಯಾರಾದರೂ ನಗುವ ಮಾತೇ ಅದು. "ಹತ್ತೊಂಬತ್ತು ವರ್ಷ ಉಪ್ಪು ತಿಂದ ಮನಿಗೆ ನೀರು ಹಾಕಿದೆಲ್ಲವ್ವಾ. ಕಳ್ಳಿ! ಕೀಲಿ ಇಡು, ನಡಿ."

ಇಂದೂ ಅವನ ಮುಖವನ್ನೇ ನೋಡಿದಳು. ಸೆರಗಿನ ಗಂಟು ಬಿಚ್ಚಿ ಕೀಲಿಯನ್ನು ತಕ್ಕಡಿಯ ಮೇಲಿಟ್ಟು, ಆ ಮೂವರ ನಡುವಿನಿಂದ ದಾರಿ ಮಾಡಿಕೊಂಡು ಮೆಟ್ಟಿಲಿಳಿದು ಹೋದಳು. ಸಂಜೆಯೊಳಗೆ ಇಂದೂಬಾಯಿ ಕಳ್ಳಿ ಎಂಬುದು ಇಡೀ ಗಲ್ಲಿಗೆ ಗೊತ್ತಾಯಿತು.

ಅದಾದ ಮರುದಿನ ಮೇಲಿನ ಮಹಡಿಯ ಕೋಚಿಂಗ್ ಕ್ಲಾಸಿನಲ್ಲಿ ಕೆಮಿಸ್ಟ್ರಿ ಕಲಿಸುವ ರಕ್ಷಿತ ಬಾಟಲಿ ಹಿಡಿದು ಇಳಿದು ಬಂದಳು. ಹಾಸನದ ಹುಡುಗಿ, ಪುಣೆಗೆ ಬಂದು ಎರಡು ವರ್ಷ. ಕನ್ನಡ ಮಾತಾಡಲು ಸಿಗುತ್ತದೆಂದೇ ಅರ್ಧ ತಾಸು ನಿಂತು ಹೋಗುವವಳು.

"ಇಂದೂ ಆಂಟಿ ಎಲ್ಲಿ ಅಂಕಲ್?"

ಫಕೀರಪ್ಪ ತನ್ನ ಪತ್ತೇದಾರಿಕೆಯನ್ನು ಗೀರಿನಿಂದ ಹಿಡಿದು ಜಗ್ಗಿನವರೆಗೆ ರಂಗಾಗಿ ಹೇಳಿದ. ಕಡೆಗೆ, "ಉಪ್ಪಿನ ನೀರು ಹಾಕಿದ್ರ ಗಟ್ಟಿ ಆಗ್ತದಂತ, ಕೇಳ್ರಿ ಮೇಡಂ," ಎಂದು ನಗುವಿಗಾಗಿ ಕಾದ. ರಕ್ಷಿತ ನಗಲಿಲ್ಲ.

"ಆಗತ್ತಲ್ಲ ಅಂಕಲ್. ನಿಜವಾಗ್ಲೂ ಆಗತ್ತೆ."

ಡ್ರಮ್ಮಿನಿಂದ ಒಂದು ಸ್ಟೀಲು ಲೋಟಕ್ಕೆ ತೆಳ್ಳಗಿನ ಲಿಕ್ವಿಡ್ಡು ಹಿಡಿದು, ಇಂದೂ ಬಿಟ್ಟುಹೋದ ಪಾಕೀಟಿನ ಉಪ್ಪನ್ನು ನೀರಿನಲ್ಲಿ ಕರಗಿಸಿ ಚಮಚ ಚಮಚವಾಗಿ ಹಾಕುತ್ತ ತಿರುವಿದಳು. ನಾಲ್ಕನೆಯ ಚಮಚಕ್ಕೆ ಲೋಟದೊಳಗಿನದು ಭಾರವಾಯಿತು. ಆರನೆಯದಕ್ಕೆ ಚಮಚ ಎತ್ತಿದರೆ ದಾರದಂತೆ ಇಳಿಯಿತು.

ಫಕೀರಪ್ಪ ಲೋಟವನ್ನು ಅಲ್ಲಾಡಿಸಿದ, ಮೂಸಿದ, ರಕ್ಷಿತಳ ಕೈ ನೋಡಿದ. ಈ ಹುಡುಗಿ ಇಂದೂನ ಕಡೆಯವಳಿರಬಹುದು. ಉಪ್ಪಿನಲ್ಲಿ ಬೇರೆ ಏನಾದರೂ ಬೆರೆತಿರಬಹುದು. "ಸ್ವಲ್ಪ ನಿಲ್ರಿ," ಎಂದು ಹಿಂದಿನ ಗಲ್ಲಿಯ ಮನೆಗೆ ಹೋಗಿ ಸಾವಂತ್ರವ್ವನ ಉಪ್ಪಿನ ಡಬ್ಬಿಯನ್ನೇ ತಂದ. ತಾನೇ ಕರಗಿಸಿದ, ತಾನೇ ಹಾಕಿದ. ಅದೂ ಗಟ್ಟಿಯಾಯಿತು.

"ಹಂಗಾರ ಮೊದಲ ಯಾಕ ತೆಳ್ಳಗಾತು? ನೀರು ಹಾಕಿದ್ದಕ್ಕಲ್ಲೇನು?" ಎಂದ. ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ.

ರಕ್ಷಿತ ಡ್ರಮ್ಮಿನ ಮೇಲೆ ಬಗ್ಗಿ ಮೂಸಿದಳು. "ನಿಮ್ಮ ಲಿಕ್ವಿಡ್ ಲೆಮನ್ ಅಲ್ವಾ? ಇದರಲ್ಲಿ ಇಷ್ಟೊಂದು ರೋಸ್ ಹೇಗೆ ಬಂತು?"

ಫಕೀರಪ್ಪನ ಕಣ್ಣು ಅತ್ತರಿನ ಕಪಾಟಿನ ಕಡೆ ಹೋಯಿತು. ಅವಳು ಗಮನಿಸದೆ, ಕ್ಲಾಸಿನಲ್ಲಿ ನಿಂತವಳಂತೆ ಬೆರಳಾಡಿಸುತ್ತ ಹೇಳತೊಡಗಿದಳು.

"ನೋಡಿ ಅಂಕಲ್, ಸೋಪು, ಸೆಂಟು, ಎರಡರಲ್ಲೂ ಎಣ್ಣೆ ಜಾತಿಯ ಕಾರ್ಬನ್ ಸರಪಳಿನೇ ಇರೋದು. ಆದ್ರೆ ಸೋಪಿನ ಮಾಲಿಕ್ಯೂಲ್‌ಗೆ ಉದ್ದ ಬಾಲ ಇರತ್ತೆ, ಒಂದು ತಲೆ ಇರತ್ತೆ. ಬಾಲಕ್ಕೆ ಎಣ್ಣೆ ಇಷ್ಟ, ತಲೆಗೆ ನೀರು ಇಷ್ಟ. ಬಾಲದಲ್ಲಿ ಕೊಳೆ ಹಿಡ್ಕೊಳತ್ತೆ, ತಲೆಯಿಂದ ನೀರಿನ ಜೊತೆ ಹೋಗತ್ತೆ. ಬಟ್ಟೆ ಕ್ಲೀನ್. ಅದು ಗಾಳಿಗೆ ಹಾರಲ್ಲ, ಅದಕ್ಕೇ ಸೋಪಿಗೆ ಸ್ವಂತ ವಾಸನೆ ಅಂತ ಹೆಚ್ಚೇನಿಲ್ಲ. ಸೆಂಟಿನದು ಉಲ್ಟಾ. ಚಿಕ್ಕದು, ಹಗುರ. ನೀರಂದ್ರೆ ಅದಕ್ಕೆ ಆಗಲ್ಲ, ಅವಕಾಶ ಸಿಕ್ಕರೆ ಹಾರಿ ಮೂಗಿಗೆ ಬರತ್ತೆ. ಕೊಳೆ ತೆಗೆಯೋ ಶಕ್ತಿ ಅದಕ್ಕಿಲ್ಲ."

"ಅದು ಇದಕ್ಕ ಏನ ಮಾಡ್ತದ?"

"ಸೋಪಿನ ಮಾಲಿಕ್ಯೂಲ್‌ಗಳು ನೀರಲ್ಲಿ ಬಾಲ ಒಳಗಿಟ್ಕೊಂಡು ಗುಂಡಗೆ ಗುಂಪಾಗಿರತ್ವೆ. ಉಪ್ಪು ಹಾಕಿದ್ರೆ ಆ ಗುಂಡುಗಳು ಉದ್ದ ಆಗತ್ವೆ, ಶಾವಿಗೆ ಥರ. ಶಾವಿಗೆ ಒಂದಕ್ಕೊಂದು ಸಿಕ್ಕಾಕೊಂಡ್ರೆ ಗಟ್ಟಿ. ಸೆಂಟು ಜಾಸ್ತಿ ಬಿದ್ರೆ, ಅದಕ್ಕೆ ನೀರಲ್ಲಿ ಇರಕ್ಕಾಗಲ್ವಲ್ಲ, ಹೋಗಿ ಶಾವಿಗೆ ಒಳಗೆ ಸೇರ್ಕೊಳತ್ತೆ. ಅದರಲ್ಲೂ ಅಗ್ಗದ ಸಾಲ್ವೆಂಟ್ ಬೆರೆಸಿದ ಸೆಂಟಾದ್ರೆ ಮುಗೀತು. ಶಾವಿಗೆ ಎಲ್ಲ ತುಂಡಾಗಿ ನೀರು ನೀರು ಆಗಿಬಿಡತ್ತೆ. ಯಾರೋ ಇದಕ್ಕೆ ಸೆಂಟು ಸುರಿದಿದ್ದಾರೆ. ಆಂಟಿ ಅದನ್ನ ಸರಿ ಮಾಡ್ತಿದ್ರು."

ಯಾರೋ. ಫಕೀರಪ್ಪ ಕಪಾಟಿಗೆ ಒರಗಿ ನಿಂತ. ಸುರಿದವನು ಕಳ್ಳತನದಿಂದ ಸುರಿದಿರಲಿಲ್ಲ. ಮಡಿಯುಟ್ಟು, ಗಂಟೆ ಬಾರಿಸಿ, ದೇವಿಯ ಹೆಸರು ಹೇಳಿ ಸುರಿದಿದ್ದ. ಲೋಕದಲ್ಲಿ ಎಲ್ಲರ ಕೈಯನ್ನೂ ಅನುಮಾನದಿಂದ ನೋಡಿದವನು ತನ್ನ ಎರಡು ಕೈಗಳನ್ನು ಮಾತ್ರ ಒಮ್ಮೆಯೂ ನೋಡಿರಲಿಲ್ಲ. ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು.

ಮಧ್ಯಾಹ್ನವೇ ಬಾಗಿಲೆಳೆದು ಖಡಕಿಗೆ ಹೋದ. ಬಜಾರದ ಹಿಂದಿನ ಒಂದು ಕೋಣೆಯ ಮನೆ. ಬಾಗಿಲು ತೆರೆದವಳು ರೇಣು. "ಬರ್ರಿ ಒಳಗ. ಕದ್ದ ಮಾಲು ಏನಾರ ಅದ ಏನ ನೋಡ್ಕೊಂಡ ಹೋಗ್ರಿ," ಎಂದಳು.

ಒಳಗೆ ಕಿಟಕಿಯ ಕಟ್ಟೆಯ ಮೇಲೆ ಆರು ಗಾಜಿನ ಲೋಟ. ಆರರಲ್ಲೂ ಲಿಕ್ವಿಡ್ಡು, ಒಂದಕ್ಕಿಂತ ಒಂದು ದಪ್ಪ, ಕಡೆಯದು ಮಾತ್ರ ಮತ್ತೆ ತೆಳ್ಳಗೆ. ಒಂದೊಂದರ ಕೆಳಗೂ ಕಾಗದದ ಚೂರಿನಲ್ಲಿ ಎಷ್ಟು ಚಮಚ ಉಪ್ಪು ಎಂದು ಬರೆದಿತ್ತು. ಕ್ಯಾನು ಎಲ್ಲಿಗೆ ಹೋಗುತ್ತಿತ್ತೆಂದು ಫಕೀರಪ್ಪ ಕೇಳಬೇಕಾಗಲಿಲ್ಲ.

"ಉಪ್ಪು ಹೆಚ್ಚಾದ್ರೂ ಒಡೀತದ್ರಿ," ಎಂದಳು ಇಂದೂ, ಅವನ ಕಣ್ಣು ಎಲ್ಲಿದೆ ಎಂದು ನೋಡಿ. "ಇಡೀ ಡ್ರಮ್ಮು ಹಾಳು ಮಾಡೂದು ಬ್ಯಾಡ ಅಂತ ಮನ್ಯಾಗ ನೋಡಿದೆ."

"ನನಗ ಹೇಳಬಾರದಿತ್ತ?"

"ಅತ್ತರು ಸುರಿಯೂವಾಗ ನನಗ ಗೊತ್ತಾತ್ರಿ, ಕೆಡ್ತದ ಅಂತ. ತರಬೇತ್ಯಾಗ ಹೇಳಿದ್ರು. ವರ್ಷದ ಮೊದಲ ದಿನ, ನೀವು ಲಕ್ಷ್ಮೀ ಹೆಸರು ಹೇಳಿ ಸುರಿಯಾಕತ್ತೀರಿ, ಬ್ಯಾಡ ಅಂತ ಹೆಂಗ ಅನ್ನಲಿ? ನಿಮಗ ಗೊತ್ತಾಗದಂಗ ಸರಿ ಮಾಡಿದ್ರಾತು ಅಂದ್ಕೊಂಡೆ."

"ನಿನ್ನೆ ಆದ್ರೂ ಹೇಳಬೇಕಿತ್ತವ್ವಾ."

"ಉಪ್ಪಿನ ನೀರು ಅಂತ ಹೇಳಿದೆನಲ್ರಿ. ನೀವು ಮಂದಿ ಕಡೆ ತಿರುಗಿ ನಗಿಸಿದ್ರಿ." ಇಂದೂ ಕಡೆಯ ಲೋಟವನ್ನು ಕಟ್ಟೆಯ ಒಳಗೆ ಸರಿಸಿಟ್ಟಳು. "ಮಾಲಕ್ರ, ನೀವು ಬಂದದ್ದು ಛಲೋ ಆತು. ನನಗ ಏನೂ ಬ್ಯಾಡ. ಆ ಮೂರು ಮಂದಿ ಮುಂದ ಕಳ್ಳಿ ಅಂದ್ರಿ. ಆ ಮೂರು ಮಂದಿ ಮುಂದ ಅಲ್ಲ ಅನ್ರಿ. ನಾಳೆ ರೇಣುನ ಲಗ್ನ ಅಂದಾಗ ಈ ಮಾತು ಬೀಗರ ಕಿವಿಗೂ ಬೀಳ್ತದ."

ಮಾಲಕ್ರ ಎಂದು ಅವಳು ಅವನನ್ನು ಕರೆದದ್ದು ಅದೇ ಮೊದಲು. ಫಕೀರಪ್ಪ ಆಗಲೆಂದು ತಲೆಯಾಡಿಸಿದ.

ಮರುದಿನ ಹನ್ನೊಂದಕ್ಕೆ ಅವನೇ ಮನೆಮನೆಗೆ ಹೋಗಿ ಆ ಮೂವರನ್ನು ಕರೆತಂದ. ಇಂದೂ ಬಂದು ಬಾಗಿಲ ಬಳಿ ನಿಂತಳು, ಒಳಗೆ ಬರಲಿಲ್ಲ. ಫಕೀರಪ್ಪ ನಿಂತುಕೊಂಡು ಮರಾಠಿಯಲ್ಲಿ ಹೇಳಿದ. ಲಿಕ್ವಿಡ್ಡು ಕೆಡಿಸಿದ್ದು ಇಂದೂಬಾಯಿ ಅಲ್ಲ, ನಾನು. ಬೆರಕೆ ಅತ್ತರನ್ನು ಪೂಜೆಯ ಹೆಸರಲ್ಲಿ ಡ್ರಮ್ಮಿಗೆ ಸುರಿದೆ. ಅವಳು ತನ್ನ ಮನೆಯ ಉಪ್ಪು ತಂದು ಸರಿಪಡಿಸುತ್ತಿದ್ದಳು, ನಾನು ಕಳ್ಳಿ ಎಂದೆ. ಏನನ್ನೂ ಬಿಡದೆ ಪೂರ್ತಿ ಹೇಳಿದ.

ನೀತಾ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಹಾಗಾದರೆ ಕಾಕಾ," ಎಂದಳು ಮರಾಠಿಯಲ್ಲಿ, "ಮಾರಲು ಬಾರದ ಮಾಲನ್ನು ನೀವೇ ಇದಕ್ಕೆ ಸುರಿದಿರಿ. ಇಷ್ಟು ವರ್ಷ ಇನ್ನೂ ಏನೇನು ಸುರಿದಿದ್ದೀರೋ, ನಮಗೇನು ಗೊತ್ತು?"

ಉಳಿದಿಬ್ಬರೂ ಕಪಾಟಿನ ಕಡೆ, ಡ್ರಮ್ಮಿನ ಕಡೆ, ಅವನ ಕೈಯ ಕಡೆ ನೋಡಿದರು. ಆ ನೋಟ ಹೇಗಿರುತ್ತದೆಂದು ಫಕೀರಪ್ಪನಿಗೆ ಚೆನ್ನಾಗಿ ಗೊತ್ತಿತ್ತು, ಆದರೆ ಅದರ ಎದುರು ನಿಂತು ಗೊತ್ತಿರಲಿಲ್ಲ. ಇಲ್ಲ ಎನ್ನಬೇಕು. ಇಲ್ಲ ಎಂದರೆ ಯಾರು ನಂಬುತ್ತಾರೆ? ನೀರು ಹಾಕಲಿಲ್ಲ ಎಂದು ಎಷ್ಟು ಜನ ಅವನ ಮುಂದೆ ಆಣೆ ಮಾಡಿದ್ದರು, ಅವನು ಯಾರನ್ನು ನಂಬಿದ್ದ?

ಬಾಗಿಲ ಬಳಿಯಿಂದ ಇಂದೂ ಮಾತಾಡಿದಳು. ಅವಳ ಮರಾಠಿ ಒರಟು, ಆದರೆ ಸ್ಪಷ್ಟ. "ಹತ್ತೊಂಬತ್ತು ವರ್ಷ ಈ ಅಂಗಡಿಯ ಮಾಲು ಕಲಸಿದವಳು ನಾನು. ಇವರು ಒಂದು ಹನಿ ಕೂಡ ಖೋಟಾ ಹಾಕಿಸಿಲ್ಲ. ಬೆರಕೆ ಅತ್ತರು ನಿಮಗೆ ಮಾರಬಾರದು ಅಂತಲೇ ಎತ್ತಿಟ್ಟಿದ್ದರು. ನನ್ನ ಮಾತು ನಂಬಿ, ಬಾಟಲಿ ತುಂಬಿಸಿಕೊಂಡು ಹೋಗಿ."

ಒಳಗೆ ಬಂದು, ಡ್ರಮ್ಮಿಗೆ ಲೆಕ್ಕದ ಪ್ರಕಾರ ಉಪ್ಪಿನ ನೀರು ಸುರಿದು, ತಿರುವಿ ಗಟ್ಟಿ ಮಾಡಿ, ಮೂವರ ಬಾಟಲಿಗಳನ್ನೂ ತುಂಬಿಸಿಕೊಟ್ಟಳು. ಅವರು ಹೋದರು. ನೀತಾ ಹೋಗುವಾಗ ಇಂದೂನ ತೋಳು ಮುಟ್ಟಿ ಹೋದಳು.

ಫಕೀರಪ್ಪ ಸೊಂಟದಿಂದ ಅವಳ ಕೀಲಿಯನ್ನು ತೆಗೆದು ಮುಂದೆ ಹಿಡಿದ. ಇಂದೂ ಕೈ ಚಾಚಲಿಲ್ಲ.

"ಸೋಮವಾರದಿಂದ ಖರಾಡಿ ಕಡೆ ಒಂದು ಆಫೀಸಿನ್ಯಾಗ ಸಾಫಸಫಾಯಿ ಕೆಲಸಕ್ಕ ಬಾ ಅಂದಾರ್ರಿ," ಎಂದಳು.

"ಇರವ್ವಾ ಇಂದೂ. ತಪ್ಪಾತು ಅಂದೆನಲ್ಲ."

"ಅಂದ್ರಿ, ಕೇಳಿದೆ. ನನಗ ನಿಮ್ಮ ಮ್ಯಾಲ ಸಿಟ್ಟಿಲ್ಲ. ಆದ್ರ ಇನ್ನ ಮುಂದ ನಾ ಜಗ್ಗು ಎತ್ತಿದಾಗೊಮ್ಮೆ ನೀವು ಆ ಗಾಜಿನ್ಯಾಗ ನೋಡ್ತೀರಿ. ನೋಡಬಾರದು ಅಂದ್ಕೊಂಡ್ರೂ ನೋಡ್ತೀರಿ. ಹೌದಿಲ್ಲೋ ಹೇಳ್ರಿ."

ಇಲ್ಲ ಎಂದುಬಿಡಬಹುದಿತ್ತು. ಫಕೀರಪ್ಪ ಬಾಯಿ ತೆರೆದ. ಅವಳು ಇಷ್ಟು ಹೊತ್ತು ತನ್ನ ಪರವಾಗಿ ನಿಜ ಹೇಳಿದ್ದಳು, ಅವಳ ಮುಂದೆ ಸುಳ್ಳು ಹೇಳಲಾಗಲಿಲ್ಲ. "ಹೌದವ್ವಾ, ನೋಡ್ತೀನಿ," ಎಂದು ಕೀಲಿಯನ್ನು ತಕ್ಕಡಿಯ ಮೇಲಿಟ್ಟ.